ಕಮಲಾ ಸೊಹೋನಿ: ಕಾಳಿನ ಪ್ರೋಟೀನ್ ರಕ್ತ ಸೇರುವ ದಾರಿಯನ್ನು ಹುಡುಕಿದವರು

ಹತ್ತನೆಯ ತರಗತಿಯ ಜೀವಕ್ರಿಯೆಗಳು ಎಂಬ ಘಟಕದಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಗೆ ಇರುವುದು ಕೆಲವೇ ವಾಕ್ಯ. ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್, ಕೊನೆಗೆ ಅಮೈನೋ ಆಮ್ಲ. ಮಕ್ಕಳು ಇದನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ತಟ್ಟೆಯಲ್ಲಿರುವ ಪ್ರೋಟೀನ್ ಎಲ್ಲವೂ ಮೈಗೆ ಹತ್ತುತ್ತದೆಯೇ ಎಂದು ತಿರುಗಿ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ನಾನು ಈ ಪ್ರಶ್ನೆಯನ್ನೇ ಪಾಠದ ನಡುವೆ ಇಟ್ಟೆ. ಅದಕ್ಕೆ ಉತ್ತರ ಹುಡುಕುತ್ತ ಬಾಳಿದ ಒಬ್ಬ ವಿಜ್ಞಾನಿಯ ಜೀವನವನ್ನು ಪಾಠದುದ್ದಕ್ಕೂ ಹೇಳುತ್ತ ಹೋದೆ. ಅವರು ಕಮಲಾ ಸೊಹೋನಿ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನೆರವಾಗಲೆಂದು ಆ ಜೀವನವನ್ನೂ ಅದರೊಡನೆ ನಾನು ಕಲಿಸಿದ ವಿಜ್ಞಾನವನ್ನೂ ಇಲ್ಲಿ ಬರೆದಿದ್ದೇನೆ.

ಬೆಂಗಳೂರಿನ ಬಾಗಿಲು

ಕಮಲಾ ಭಾಗವತ್ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಓದಿದವರು. ಮನೆಯಲ್ಲಿ ವಿಜ್ಞಾನದ ಮಾತು ಹೊಸದಾಗಿರಲಿಲ್ಲ. 1933ರಲ್ಲಿ ಕಮಲಾ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನು ಅಗ್ರಸ್ಥಾನದೊಡನೆ ಪಡೆದರು. ಮುಂದಿನ ಹೆಜ್ಜೆ ತಂದೆ ಓದಿದ ಬೆಂಗಳೂರಿನ ಸಂಸ್ಥೆಯೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಆಗ ಸಂಸ್ಥೆಯ ನಿರ್ದೇಶಕರು ಸರ್ ಸಿ. ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದೇ ಕಾರಣವಾಗಿತ್ತು. ಕಮಲಾ ಬೆಂಗಳೂರಿಗೆ ಬಂದು ನಿರ್ದೇಶಕರನ್ನೇ ಕಂಡು ಕಾರಣ ಕೇಳಿದರು, ಗಾಂಧೀಜಿಯ ದಾರಿಯಲ್ಲಿ ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಂದಿಗೆ. ಮೊದಲ ಒಂದು ವರ್ಷ ಅವರು ಕ್ರಮಬದ್ಧ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥಿ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಅವರಿಂದ ಪ್ರಯೋಗಾಲಯದ ಗಂಡಸರ ಗಮನ ಕೆಡಬಾರದು. ಕಮಲಾ ಒಪ್ಪಿದರು. ಆ ಒಪ್ಪಿಗೆಯಲ್ಲಿ ನುಂಗಿಕೊಂಡ ಅವಮಾನವನ್ನು ಅವರು ಮರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ವಿಜ್ಞಾನಿ ಮಹಿಳೆಯರ ಸಭೆಯಲ್ಲಿ ಅದನ್ನು ಬಹಿರಂಗವಾಗಿಯೇ ಹೇಳಿದರು. ಒಂದು ವರ್ಷದ ಬಳಿಕ ಅವರ ದುಡಿಮೆ ಕಂಡು ರಾಮನ್ ಅವರನ್ನು ಪೂರ್ಣ ವಿದ್ಯಾರ್ಥಿನಿಯಾಗಿ ಸ್ವೀಕರಿಸಿದರು, ಮುಂದೆ ಹೆಣ್ಣುಮಕ್ಕಳಿಗೂ ಸಂಸ್ಥೆಯಲ್ಲಿ ಪ್ರವೇಶ ಸಿಗತೊಡಗಿತು.

ಈ ಭಾಗವನ್ನು ಹೇಳಿದಾಗ ಸಿಂಧನೂರಿನ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ಎದ್ದು, ರಾತ್ರಿ ಕೆಲಸ ಮುಗಿದ ಮೇಲೆ ಅವರು ಒಬ್ಬರೇ ಹೋಗಬೇಕಿತ್ತೇ ಎಂದು ಕೇಳಿದಳು. ಆ ಪ್ರಶ್ನೆ ಬೆಂಗಳೂರಿನದಷ್ಟೇ ಆಗಿರಲಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಪಿಯುಸಿ ವಿಜ್ಞಾನಕ್ಕೆ ತಾಲ್ಲೂಕು ಕೇಂದ್ರಕ್ಕೆ ಬರಬೇಕಾದ ಹಳ್ಳಿಯ ಹುಡುಗಿಗೆ ಸಂಜೆಯ ಬಸ್ಸು ದೊಡ್ಡ ವಿಷಯ. ಪ್ರಯೋಗದ ತರಗತಿ ತಡವಾಗಿ ಮುಗಿದರೆ ಮನೆಯಲ್ಲಿ ಏನೆನ್ನುತ್ತಾರೆ ಎಂಬುದು ಆಕೆಯ ಲೆಕ್ಕದಲ್ಲಿ ಮೊದಲೇ ಬಂದಿರುತ್ತದೆ. ರಾತ್ರಿ ದುಡಿಯಬೇಕೆಂಬ ಷರತ್ತು ಹುಡುಗನ ಮೇಲೆ ಬೀಳುವ ಭಾರವೇ ಬೇರೆ, ಹುಡುಗಿಯ ಮೇಲೆ ಬೀಳುವ ಭಾರವೇ ಬೇರೆ ಎಂದು ತರಗತಿ ತಾನಾಗಿಯೇ ಮಾತಾಡಿಕೊಂಡಿತು. ನಾನು ಐದು ನಿಮಿಷ ಅದಕ್ಕೆ ಬಿಟ್ಟುಕೊಟ್ಟೆ. ಪಾಠಯೋಜನೆಯಲ್ಲಿ ಇಲ್ಲದ ಆ ಐದು ನಿಮಿಷವನ್ನು ಮುಂದಿನ ಎರಡು ಶಾಲೆಗಳಲ್ಲಿ ಯೋಜನೆಯಲ್ಲೇ ಸೇರಿಸಿಕೊಂಡೆ.

ರಾಮನ್ ಅವರ ಹೆಸರು ಬಂದಾಗ ಕೆಲವರಿಗೆ ಮುಜುಗರವಾಗುವುದು ಸಹಜ. ಫೆಬ್ರವರಿ 28ರಂದು ನಾವೆಲ್ಲರೂ ಅವರ ಶೋಧದ ನೆನಪಿಗೆ ವಿಜ್ಞಾನ ದಿನ ಆಚರಿಸುತ್ತೇವೆ. ರಾಮನ್ ಪರಿಣಾಮದ ಬೆಲೆ ಈ ಘಟನೆಯಿಂದ ಒಂದು ಗುಂಜಿಯಷ್ಟೂ ಇಳಿಯುವುದಿಲ್ಲ. ಬೆಳಕಿನ ಬಗ್ಗೆ ಅಷ್ಟು ದೂರ ಕಂಡವರೂ ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು ಎಣಿಕೆ ಹಾಕಬಹುದು, ಎದುರಿಗೆ ಪುರಾವೆ ಬಂದಾಗ ನಿಲುವು ಬದಲಿಸಲೂಬಹುದು. ಇವೆರಡನ್ನೂ ಒಟ್ಟಿಗೆ ಹೇಳಿದರೆ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲ ಎಂಬುದು ನನ್ನ ಅನುಭವ.

ಕಾಳಿನಿಂದ ಕೇಂಬ್ರಿಜ್‌ಗೆ, ಕೇಂಬ್ರಿಜ್‌ನಿಂದ ಮತ್ತೆ ಕಾಳಿಗೆ

ಬೆಂಗಳೂರಿನಲ್ಲಿ ಕಮಲಾ ಅವರಿಗೆ ಗುರುವಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಸಂಶೋಧನೆ ಮಾಡಿ 1936ರಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಮಾಂಸ, ಮೊಟ್ಟೆ ಕೊಳ್ಳಲಾರದ ಮನೆಗೆ ಪ್ರೋಟೀನ್ ಎಂದರೆ ಕಾಳು, ಬೇಳೆ. ಆ ಸರಳ ಸಂಗತಿ ಅವರ ಮುಂದಿನ ದುಡಿಮೆಗೆಲ್ಲ ಬುನಾದಿಯಾಯಿತು.

ಅಲ್ಲಿಂದ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಜೀವಸತ್ವಗಳ ಸಂಶೋಧನೆಗೆ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ ಮೊದಲು ಡೆರೆಕ್ ರಿಕ್ಟರ್ ಅವರೊಡನೆ, ನಂತರ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡಿದರು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸಸ್ಯಗಳ ಕೋಶಗಳಲ್ಲೂ ಇದೆ ಎಂದು ತೋರಿಸಿದರು. ಸುಮಾರು 40 ಪುಟಗಳ ಪ್ರಬಂಧಕ್ಕೆ ಪಿಎಚ್.ಡಿ. ಪದವಿ ದೊರೆಯಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಭಾರತೀಯ ಮಹಿಳೆಯರಲ್ಲಿ ಅವರು ಮೊದಲಿಗರ ಸಾಲಿನವರು. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್‌ನಿಂದ ಡಾಕ್ಟರೇಟ್ ತಂದಿದ್ದರು. ಮೊದಲನೆಯವರು ಯಾರು ಎಂಬ ಪೈಪೋಟಿಗಿಂತ ಇಬ್ಬರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯುವುದು ಒಳ್ಳೆಯದು.

1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು, ಬಳಿಕ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಜೀವಸತ್ವಗಳ ಬಗ್ಗೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗವನ್ನು ಕಟ್ಟಿದರು. ತಮ್ಮ ವಿದ್ಯಾರ್ಥಿಗಳಿಗೆ ಅವರು ಆರಿಸಿಕೊಟ್ಟ ವಿಷಯಗಳು ಬಡವರ ಊಟದವು: ಬೇಳೆಕಾಳು, ಭತ್ತದ ಹಿಟ್ಟು, ನೀರಾ.

ಪ್ರೋಟೀನ್ ನಡೆಯುವ ದಾರಿ

ಇಲ್ಲಿಗೆ ಬಂದಾಗ ನಾನು ಜೀವನಕಥೆಯನ್ನು ನಿಲ್ಲಿಸಿ, ಹಲಗೆಯ ಮೇಲೆ ಜಠರ ಮತ್ತು ಸಣ್ಣ ಕರುಳಿನ ಚಿತ್ರ ಬರೆಯುತ್ತಿದ್ದೆ. ಅವರು ಮುಂಬೈಯಲ್ಲಿ ಏನು ಕಂಡರು ಎಂದು ತಿಳಿಯಬೇಕಾದರೆ ಈ ದಾರಿ ಗೊತ್ತಿರಬೇಕು.

ಪ್ರೋಟೀನ್ ಅಮೈನೋ ಆಮ್ಲಗಳ ಉದ್ದನೆಯ ಸರ. ಮಣಿ ಮಣಿಯನ್ನು ಹಿಡಿದಿಡುವ ಬಂಧಕ್ಕೆ ಪೆಪ್ಟೈಡ್ ಬಂಧ ಎಂದು ಹೆಸರು. ಸರದ ತುಂಡುಗಳೇ ಪೆಪ್ಟೈಡುಗಳು. ಜಠರದ ಹೈಡ್ರೋಕ್ಲೋರಿಕ್ ಆಮ್ಲ ಮುದುಡಿದ ಸರವನ್ನು ಬಿಡಿಸುತ್ತದೆ, ಪೆಪ್ಸಿನ್ ಅದನ್ನು ದೊಡ್ಡ ತುಂಡುಗಳಾಗಿ ಕತ್ತರಿಸುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಕೆಲಸ ಹಿಡಿಯುತ್ತದೆ. ಅದು ಸಿಕ್ಕಸಿಕ್ಕಲ್ಲಿ ಕತ್ತರಿಸುವುದಿಲ್ಲ. ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಮಣಿಗಳ ಬಳಿ ಮಾತ್ರ ಕತ್ತರಿ ಹಾಕುತ್ತದೆ. ಜೊತೆಗೆ ಮೇದೋಜೀರಕ ಗ್ರಂಥಿಯ ಇತರ ಪ್ರೋಟೀನ್ ಕಿಣ್ವಗಳನ್ನು ಚುರುಕುಗೊಳಿಸುವುದೂ ಟ್ರಿಪ್ಸಿನ್ನೇ. ಅದು ಕೆಲಸ ನಿಲ್ಲಿಸಿದರೆ ಉಳಿದವುಗಳ ಕೆಲಸವೂ ಕುಂಟುತ್ತದೆ.

ಈ ಹಂತ ಮುಗಿದಾಗ ಕರುಳಿನಲ್ಲಿ ಒಂದಿಷ್ಟು ಬಿಡಿ ಅಮೈನೋ ಆಮ್ಲಗಳೂ, ಅದಕ್ಕಿಂತ ಹೆಚ್ಚಾಗಿ ಎರಡರಿಂದ ಆರು ಮಣಿಗಳ ಸಣ್ಣ ಪೆಪ್ಟೈಡುಗಳೂ ಇರುತ್ತವೆ. ಕರುಳಿನ ಒಳಗೋಡೆಯ ಕೋಶಗಳ ಅಂಚಿನಲ್ಲಿರುವ ಕಿಣ್ವಗಳು ಅವನ್ನು ಇನ್ನೂ ಚಿಕ್ಕದು ಮಾಡುತ್ತವೆ. ಪಠ್ಯಪುಸ್ತಕ ಇಲ್ಲಿ ಅಮೈನೋ ಆಮ್ಲ ಎಂದು ಹೇಳಿ ಮುಗಿಸುತ್ತದೆ. ವಾಸ್ತವದಲ್ಲಿ ಎರಡು ಅಥವಾ ಮೂರು ಮಣಿಗಳ ಪೆಪ್ಟೈಡುಗಳು ಹಾಗೆಯೇ ಕೋಶದೊಳಗೆ ಹೋಗುತ್ತವೆ. ಅವುಗಳಿಗೆಂದೇ ಒಂದು ಬೇರೆ ಬಾಗಿಲಿದೆ. ಪೆಪ್ಟ್-1 ಎಂಬ ಈ ಸಾಗಣೆ ಪ್ರೋಟೀನ್ ಒಂದೊಂದು ಪೆಪ್ಟೈಡಿನ ಜೊತೆ ಹೈಡ್ರೋಜನ್ ಅಯಾನನ್ನೂ ಒಳಗೆ ಕರೆದೊಯ್ಯುತ್ತದೆ. ಕೋಶದೊಳಗೆ ಸೇರಿದ ಮೇಲೆ ಆ ತುಂಡುಗಳಲ್ಲಿ ಬಹುಪಾಲು ಬಿಡಿ ಮಣಿಗಳಾಗಿ ಒಡೆದು, ರಕ್ತ ಸೇರಿ, ಮೊದಲು ಯಕೃತ್ತಿಗೆ ಹೋಗುತ್ತವೆ.

ಈ ಎರಡನೆಯ ಬಾಗಿಲನ್ನು ವಿಜ್ಞಾನಿಗಳು ಒಪ್ಪಿದ್ದು ತಡವಾಗಿ. ಬಿಡಿ ಅಮೈನೋ ಆಮ್ಲಗಳಷ್ಟೇ ಒಳಹೋಗುತ್ತವೆ ಎಂಬ ನಂಬಿಕೆ 1950ರ ದಶಕದಲ್ಲೂ ಗಟ್ಟಿಯಾಗಿತ್ತು. ಹಾರ್ಟ್‌ನಪ್ ಎಂಬ ಆನುವಂಶಿಕ ಕಾಯಿಲೆ ಇರುವವರ ಕರುಳು ಟ್ರಿಪ್ಟೊಫಾನ್‌ನಂಥ ಕೆಲವು ಅಮೈನೋ ಆಮ್ಲಗಳನ್ನು ಬಿಡಿಯಾಗಿ ಕೊಟ್ಟರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅವನ್ನೇ ಪೆಪ್ಟೈಡಿನ ರೂಪದಲ್ಲಿ ಕೊಟ್ಟರೆ ಹೀರಿಕೊಳ್ಳುತ್ತದೆ. ಒಂದು ಬಾಗಿಲು ಮುಚ್ಚಿದ್ದರೂ ಇನ್ನೊಂದು ತೆರೆದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಯಕೃತ್ತು ತಲುಪಿದ ಅಮೈನೋ ಆಮ್ಲಗಳಿಂದ ದೇಹ ತನಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ವಯಸ್ಕರ ದೇಹ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತದೆ. ಅದರಲ್ಲಿ ಹೆಚ್ಚಿನದು ಹಳೆಯ ಮಣಿಗಳ ಮರುಬಳಕೆ. ಕಳೆದುಹೋದಷ್ಟನ್ನು ಊಟ ತುಂಬಿಕೊಡಬೇಕು. ಮಿಕ್ಕಿದ ಅಮೈನೋ ಆಮ್ಲವನ್ನು ಕೊಬ್ಬಿನಂತೆ ಕೂಡಿಡಲು ಜಾಗವಿಲ್ಲ. ಅದರ ನೈಟ್ರೋಜನ್ ಯೂರಿಯಾ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ, ಉಳಿದ ಭಾಗ ಶಕ್ತಿಗೆ ಬಳಕೆಯಾಗುತ್ತದೆ.

ಕತ್ತರಿಯ ಬಾಯಿಗೆ ಸಿಕ್ಕಿದ ಕಡ್ಡಿ

ಈಗ ಕಮಲಾ ಅವರ ಕೆಲಸಕ್ಕೆ ಬರೋಣ. ಅವರೆಕಾಳಿನಲ್ಲಿ ಪ್ರೋಟೀನ್ ಧಾರಾಳವಾಗಿದೆ. ಆದರೆ ಅದೇ ಕಾಳಿನಲ್ಲಿ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಇನ್ನೊಂದು ಪ್ರೋಟೀನೂ ಇದೆ. ಗಿಡ ತನ್ನ ಬೀಜವನ್ನು ಹುಳುಗಳಿಂದ ಕಾಪಾಡಿಕೊಳ್ಳಲು ಇಟ್ಟುಕೊಂಡ ಅಸ್ತ್ರ ಅದು ಎಂದು ತಿಳಿಯಲಾಗಿದೆ. ಆ ತಡೆಪ್ರೋಟೀನ್ ಟ್ರಿಪ್ಸಿನ್ನಿನ ಕತ್ತರಿಸುವ ಜಾಗದಲ್ಲೇ ಹೋಗಿ ಕೂರುತ್ತದೆ. ಕಮಲಾ ಮತ್ತು ಅವರ ಸಹಸಂಶೋಧಕ ಕೆ. ಎಸ್. ಅಂಬೆ ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಈ ತಡೆಪ್ರೋಟೀನುಗಳನ್ನು ಬೇರ್ಪಡಿಸಿ, ಹರಳುಗಳಾಗಿಸಿ, 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದ ಅಡುಗೆಮನೆಯ ಕಾಳೊಂದು ವಿಜ್ಞಾನದ ದೊಡ್ಡ ಪತ್ರಿಕೆಯ ಪುಟ ಸೇರಿದ್ದು ಹೀಗೆ.

ಇದನ್ನು ತೋರಿಸಲು ನಾನು ಮಾಡಿದ ಪಾಠೋಪಕರಣಕ್ಕೆ ಖರ್ಚೇ ಇಲ್ಲ. ಬಣ್ಣದ ಮಣಿಗಳ ಒಂದು ಸರ, ಒಂದು ಮೊಂಡು ಕತ್ತರಿ, ಒಂದು ಕಡ್ಡಿ. ಕೆಂಪು ಮಣಿ ಲೈಸಿನ್, ನೀಲಿ ಮಣಿ ಆರ್ಜಿನಿನ್. ಒಬ್ಬ ವಿದ್ಯಾರ್ಥಿ ಟ್ರಿಪ್ಸಿನ್ ಆಗಿ ಆ ಎರಡು ಬಣ್ಣಗಳ ಬಳಿ ಮಾತ್ರ ದಾರ ಕತ್ತರಿಸುತ್ತಾನೆ. ಎರಡನೆಯ ಸಲ ಕತ್ತರಿಯ ಬಾಯಿಗೆ ಅಡ್ಡವಾಗಿ ಕಡ್ಡಿ ಸಿಕ್ಕಿಸಿ ಕೊಡಬೇಕು. ಕತ್ತರಿ ಇದೆ, ಸರವೂ ಇದೆ, ಕೆಲಸ ಮಾತ್ರ ಆಗುವುದಿಲ್ಲ. ಆಗ ಕಡ್ಡಿಯನ್ನು ತೆಗೆಯುವುದು ಹೇಗೆ ಎಂದು ಕೇಳಿದರೆ ಉತ್ತರ ಅಡುಗೆಮನೆಯಿಂದ ಬರುತ್ತದೆ: ನೆನೆಹಾಕುವುದು, ಮೊಳಕೆ ಬರಿಸುವುದು, ಚೆನ್ನಾಗಿ ಬೇಯಿಸುವುದು. ಸಾಕಷ್ಟು ನೀರಿನಲ್ಲಿ ಸಾಕಷ್ಟು ಹೊತ್ತು ಬೆಂದಾಗ ಈ ತಡೆಪ್ರೋಟೀನಿನ ಹೆಚ್ಚಿನ ಭಾಗ ತನ್ನ ಆಕಾರ ಕಳೆದುಕೊಂಡು ನಿಷ್ಕ್ರಿಯವಾಗುತ್ತದೆ. ಮಡಿಕೆಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡುವ ಅಜ್ಜಿಯ ಕೈಕೆಲಸಕ್ಕೆ ಇಂಥದೊಂದು ಕಾರಣ ಇದೆ ಎಂದು ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಪ್ರೋಟೀನ್ ಪರೀಕ್ಷೆಯನ್ನೂ ಇದರೊಡನೆ ಜೋಡಿಸಬಹುದು. ತಾಮ್ರದ ಸಲ್ಫೇಟ್ ಮತ್ತು ಕಾಸ್ಟಿಕ್ ಸೋಡಾ ದ್ರಾವಣ ಹಾಕಿದಾಗ ಬರುವ ನೇರಳೆ ಬಣ್ಣ ಗುರುತಿಸುವುದು ಪೆಪ್ಟೈಡ್ ಬಂಧಗಳನ್ನು. ಬಿಡಿ ಅಮೈನೋ ಆಮ್ಲಕ್ಕೆ ಆ ನೇರಳೆ ಬರುವುದಿಲ್ಲ. ಹಸಿ ಬೇಳೆಯ ಹಿಟ್ಟೂ ಬೆಂದ ಬೇಳೆಯೂ ಎರಡೂ ನೇರಳೆಯನ್ನೇ ತೋರುತ್ತವೆ. ಪರೀಕ್ಷೆ ಹೇಳುವುದು ಪ್ರೋಟೀನ್ ಇದೆಯೆಂದು ಮಾತ್ರ, ಅದು ಜೀರ್ಣವಾಗುತ್ತದೆಯೆಂದಲ್ಲ. ಕಾಸ್ಟಿಕ್ ಸೋಡಾ ಕೈ ಸುಡುವುದರಿಂದ ಇದನ್ನು ಶಿಕ್ಷಕರೇ ಮಾಡಿ ತೋರಿಸಬೇಕು.

ಮೂರು ಊರು, ಮೂರು ತಟ್ಟೆ

ಪಾಠದ ಕೊನೆಯ ಹಂತದಲ್ಲಿ ಮಕ್ಕಳು ತಮ್ಮ ಹಿಂದಿನ ದಿನದ ಊಟವನ್ನು ಬರೆದರು. ಸಿಂಧನೂರಿನದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಅಲ್ಲಿ ಅನ್ನ ಹೆಚ್ಚು ಬಂತು. ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳಿಂದ ಬರುವ ಮಕ್ಕಳು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಂದು ಬರೆದರು. ಮಸ್ಕಿಯಲ್ಲಿ ಎರಡೂ ಬೆರೆತಿದ್ದವು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಅಕ್ಕಿ, ಜೋಳಗಳಲ್ಲಿ ಲೈಸಿನ್ ಕಡಿಮೆ. ಬೇಳೆಯಲ್ಲಿ ಅದು ಸಾಕಷ್ಟಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಿಂದ ಸಿಗುತ್ತದೆ. ಒಂದು ಬಗೆಯ ಮಣಿ ಕಡಿಮೆಯಾದರೆ ಸರ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಬೇಳೆ ತೆಳುವಾದ ತಟ್ಟೆಯಲ್ಲಿ ಅನ್ನವೋ ರೊಟ್ಟಿಯೋ ಎಷ್ಟೇ ಇದ್ದರೂ ಕೊರತೆ ಉಳಿಯುತ್ತದೆ. ಶಾಲೆಯ ಬಿಸಿಯೂಟದ ಬೇಳೆಯನ್ನೂ ಮೊಟ್ಟೆಯನ್ನೂ ಇದೇ ಕಣ್ಣಿನಿಂದ ನೋಡಲು ಮಕ್ಕಳಿಗೆ ಸಾಧ್ಯವಾಯಿತು.

ಲಿಂಗಸುಗೂರಿನ ಹುಡುಗರಿಬ್ಬರು ಜಿಮ್‌ನಲ್ಲಿ ಮಾರುವ ಪೆಪ್ಟೈಡ್ ಪುಡಿಯ ಬಗ್ಗೆ, ಹಸಿ ಮೊಟ್ಟೆ ಕುಡಿಯುವುದರ ಬಗ್ಗೆ ಕೇಳಿದರು. ಪುಡಿಯಲ್ಲಿರುವ ಪೆಪ್ಟೈಡುಗಳೂ ಇದೇ ಕತ್ತರಿ, ಇದೇ ಬಾಗಿಲು ದಾಟಬೇಕು. ಅವುಗಳಲ್ಲಿ ಅತಿ ಸಣ್ಣ ಕೆಲವು ಇಡಿಯಾಗಿ ರಕ್ತ ಸೇರಬಹುದಾದರೂ ಹೆಚ್ಚಿನವು ಬಿಡಿ ಮಣಿಗಳಾಗಿಯೇ ಹೋಗುತ್ತವೆ. ಡಬ್ಬಿಯ ಮೇಲಿನ ಹೆಸರು ನೋಡಿ ನೇರವಾಗಿ ತೋಳಿಗೆ ಹೋಗುವ ದಾರಿ ಅವಕ್ಕೆ ಇಲ್ಲ. ಹಸಿ ಮೊಟ್ಟೆಯ ಬಿಳಿಯಲ್ಲೂ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಇದೆ. ಬೇಯಿಸಿದ ಮೊಟ್ಟೆಯೇ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಈ ಉತ್ತರಕ್ಕೆ ಕಡ್ಡಿ ಸಿಕ್ಕಿಸಿದ ಕತ್ತರಿಯೊಂದೇ ಸಾಕಾಯಿತು.

ಕೊನೆಯ ವರ್ಷಗಳು

ಕಮಲಾ ಅವರಿಗೆ ನೀರಾ ಕುರಿತ ಕೆಲಸಕ್ಕಾಗಿ ರಾಷ್ಟ್ರಪತಿ ಪ್ರಶಸ್ತಿ ಬಂತು. ತಾಳೆ ಜಾತಿಯ ಮರಗಳ ಹುಳಿಯದ ರಸದಲ್ಲಿ ಜೀವಸತ್ವ ಮತ್ತು ಕಬ್ಬಿಣದ ಅಂಶವಿದೆಯೆಂದೂ, ಅಪೌಷ್ಟಿಕತೆಯ ಮಕ್ಕಳು ಮತ್ತು ಗರ್ಭಿಣಿಯರಿಗೆ ಅದು ನೆರವಾಗುತ್ತದೆಂದೂ ಅವರ ತಂಡ ತೋರಿಸಿತ್ತು. ಮುಂಬೈಯ ಆರೇ ಹಾಲಿನ ಯೋಜನೆಗೂ ಅವರು ಸಲಹೆ ನೀಡಿದರು. ಇಷ್ಟಾದರೂ ತಾವು ದುಡಿದ ಸಂಸ್ಥೆಯ ನಿರ್ದೇಶಕ ಹುದ್ದೆ ಅವರಿಗೆ ಸಿಗಲು ನಾಲ್ಕು ವರ್ಷ ತಡವಾಯಿತು. ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆಯಾಗಿ 1969ರಲ್ಲಿ ನಿವೃತ್ತರಾದರು. 1933ರಲ್ಲಿ ಎದುರಾದ ತಡೆ ಪದವಿ, ಪ್ರಶಸ್ತಿಗಳ ಬಳಿಕವೂ ಬೇರೆ ರೂಪದಲ್ಲಿ ಉಳಿದಿತ್ತು ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಅವರು ಪ್ರಯೋಗಾಲಯದ ಹೊರಗೂ ಕೆಲಸ ಮಾಡಿದರು. 1966ರಲ್ಲಿ ಆರಂಭವಾದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಸಕ್ರಿಯರಾಗಿ, ಮುಂದೆ ಅದರ ಅಧ್ಯಕ್ಷೆಯಾದರು, ಆಹಾರದ ಸುರಕ್ಷತೆಯ ಬಗ್ಗೆ ಜನಸಾಮಾನ್ಯರಿಗಾಗಿ ಲೇಖನ ಬರೆದರು. ಮರಾಠಿಯಲ್ಲಿ ಮಕ್ಕಳಿಗೆಂದು ವಿಜ್ಞಾನದ ಪುಸ್ತಕಗಳನ್ನೂ ಬರೆದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲೇ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡರು.

ಈ ಪಾಠವನ್ನು ಕೈಗೆತ್ತಿಕೊಳ್ಳುವವರಿಗೆ ನನ್ನದೊಂದು ಸಲಹೆ. ಜೀವನಚರಿತ್ರೆಯನ್ನು ಪೀಠಿಕೆಯಾಗಿ ಹೇಳಿ ಮುಗಿಸಬೇಡಿ, ವಿಜ್ಞಾನವನ್ನು ಪ್ರತ್ಯೇಕವಾಗಿ ಒಪ್ಪಿಸಲೂ ಬೇಡಿ. ಬೆಂಗಳೂರಿನ ಭಾಗ ಮುಗಿದೊಡನೆ ಬೇಳೆಕಾಳಿಗೂ, ಮುಂಬೈ ಬಂದೊಡನೆ ಟ್ರಿಪ್ಸಿನ್ನಿಗೂ ಹೋದರೆ 40 ನಿಮಿಷದ ಅವಧಿಯಲ್ಲಿ ಎರಡೂ ಹಿಡಿಸುತ್ತವೆ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಡಿ: ನಿಮ್ಮ ಮನೆಯಲ್ಲಿ ಕಾಳನ್ನು ಒಲೆಗೇರಿಸುವ ಮುಂಚೆ ಏನೇನು ಮಾಡುತ್ತಾರೆ, ಅದರಿಂದ ಕರುಳಿನಲ್ಲಿ ಏನು ಸುಲಭವಾಗುತ್ತದೆ? ಮನೆಯಲ್ಲಿ ಕೇಳಿ ಬರೆದುಕೊಂಡು ಬರಲು ಒಂದು ದಿನ ಬಿಡಿ. ಮಸ್ಕಿಯ ತರಗತಿಯಲ್ಲಿ ಈ ಪ್ರಶ್ನೆಗೆ ಅತ್ಯಂತ ಪೂರ್ಣ ಉತ್ತರ ಬರೆದವಳು, ಅದುವರೆಗೆ ಒಂದು ಪ್ರಶ್ನೆಗೂ ಕೈ ಎತ್ತದೆ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ, ಮನೆಯ ಅಡುಗೆಯನ್ನು ತಾನೇ ಮಾಡಿ ಶಾಲೆಗೆ ಬರುವ ಹುಡುಗಿ.